ರೋಗಿಯ ಶುಶ್ರೂಷೆಯೂ ಹಣದ ಸಹಾಯವೂ

ಮನೆಯಲ್ಲಿ ಒಬ್ಬರು ಕಠಿನವಾದ ವ್ಯಾಧಿಯಿಂದ ಹಾಸಿಗೆ ಹಿಡಿದರೆಂದರೆ, ನೋಡಲು ಬರುವ ನೆಂಟರಿಷ್ಟರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ: ನೋವು ಕಡಿಮೆಯಾಯಿತೇ, ಊಟ ಸೇರುತ್ತದೆಯೇ, ವೈದ್ಯರು ಏನೆಂದರು. ನಾಲ್ಕನೆಯ ಪ್ರಶ್ನೆಯೊಂದುಂಟು, ಅದನ್ನು ಯಾರೂ ಕೇಳುವುದಿಲ್ಲ. ಖರ್ಚಿಗೆ ಏನು ಮಾಡಿದಿರಿ ಎಂಬುದೇ ಆ ಪ್ರಶ್ನೆ. ಕೇಳುವವರಿಗೆ ಸಂಕೋಚ, ಹೇಳುವವರಿಗೆ ಅದಕ್ಕಿಂತ ಹೆಚ್ಚಿನ ಸಂಕೋಚ. ಹೀಗಾಗಿ ಮನೆಮಂದಿಯೆಲ್ಲರ ನಿದ್ರೆಯನ್ನು ಕೆಡಿಸುವ ಚಿಂತೆಯೇ ಯಾರೂ ಬಾಯಿಬಿಟ್ಟು ಆಡದ ಮಾತಾಗಿ ಉಳಿದುಬಿಡುತ್ತದೆ. ಈ ಹೊತ್ತು ನಾವು ಆ ನಾಲ್ಕನೆಯ ಪ್ರಶ್ನೆಯನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಇದನ್ನು ಹೇಳುವುದಕ್ಕೆ ನಮಗೆ ಪಾಂಡಿತ್ಯದ ಅಧಿಕಾರವಿಲ್ಲ, ಅನುಭವದ ಅಧಿಕಾರವುಂಟು. 2019ರ ಮಳೆಗಾಲದಲ್ಲಿ ನಮ್ಮ ಅಣ್ಣನವರಿಗೆ ದೊಡ್ಡಕರುಳಿನ ಅರ್ಬುದರೋಗ, ಎಂದರೆ ಕ್ಯಾನ್ಸರ್, ಇದೆಯೆಂದು ತಿಳಿಯಿತು. ಅವರು ಖಾಸಗಿ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ತಿಂಗಳಿಗೆ ಹದಿನೆಂಟು ಸಾವಿರ ರೂಪಾಯಿ ಸಂಬಳ. ವೈದ್ಯರು ರೋಗದ ಹೆಸರನ್ನು ಹೇಳಿದ ಒಂದು ವಾರದೊಳಗೆ ನಾವು ಶಸ್ತ್ರಚಿಕಿತ್ಸೆಗೆ ಮುಂಗಡ ಕಟ್ಟಿದ್ದೆವು. ಆ ಹಣ ಎಲ್ಲಿಂದ ಬಂದಿತೆಂದು ಅಣ್ಣನವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಆದರೆ ಮೂರನೆಯ ದಿನ ಅತ್ತಿಗೆಯವರು ಗಂಜಿಯ ಲೋಟವನ್ನು ಮುಂದಕ್ಕೆ ಚಾಚಿದಾಗ, ಅವರ ಕೈಯಲ್ಲಿ ಗಾಜಿನ ಬಳೆಗಳು ಮಾತ್ರ ಇದ್ದುದನ್ನು ಅಣ್ಣನವರು ಕಂಡರು. ಏನೂ ಮಾತನಾಡದೆ ಗಂಜಿಯನ್ನು ಕುಡಿದರು.

ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಯಲ್ಲಿ ನುಂಗುವುದಕ್ಕೆ ಬೆಲೆಯುಳ್ಳ ಗುಳಿಗೆಗಳನ್ನು ಬರೆದುಕೊಟ್ಟರು. ಹೊತ್ತು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನೆಂದು ಅಣ್ಣನವರು ಹೇಳುತ್ತಿದ್ದರು. ಒಂದು ದಿನ ಅವರ ಕನ್ನಡಕವನ್ನು ಒರೆಸಿಕೊಡೋಣವೆಂದು ಪೆಟ್ಟಿಗೆಯನ್ನು ತೆರೆದರೆ, ಬಟ್ಟೆಯ ಚೂರಿನ ಕೆಳಗೆ ಏಳು ಗುಳಿಗೆಗಳು ಸಿಕ್ಕವು. ಒಂದು ದಿನ ನುಂಗಿ ಒಂದು ದಿನ ಬಿಟ್ಟರೆ, ತಂದ ಔಷಧ ಎರಡರಷ್ಟು ದಿನ ಬರುತ್ತದೆಂಬುದು ಅವರ ಲೆಕ್ಕ. ಜೀವಮಾನವೆಲ್ಲ ಪರರ ಲೆಕ್ಕವನ್ನು ತಪ್ಪಿಲ್ಲದೆ ಬರೆದವರು ತಮ್ಮ ಪ್ರಾಣದ ಲೆಕ್ಕದಲ್ಲಿ ಹೀಗೆ ತಪ್ಪಿದರು. ನಾವು ಹಣದ ಸಂಗತಿಯನ್ನು ಅವರಿಂದ ಮುಚ್ಚಿಟ್ಟೆವು. ಅವರು ಔಷಧದ ಸಂಗತಿಯನ್ನು ನಮ್ಮಿಂದ ಮುಚ್ಚಿಟ್ಟರು.

ಇಷ್ಟಾದ ಮೇಲೆ ಒಂದು ದಿನ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ, ತನ್ನ ಗಂಡನನ್ನು ಕರೆತಂದಿದ್ದ ಹೆಂಗಸೊಬ್ಬಳು ಅತ್ತಿಗೆಯವರ ಪಕ್ಕದಲ್ಲಿ ಕುಳಿತಿದ್ದಳು. ಆಕೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುವವಳು. ಮಾತಿಗೆ ಮಾತು ಬಂದು, “ಅಲ್ಲಾ ಅಮ್ಮ, ನಿಮ್ಮ ಯಜಮಾನರಿಗೆ ಸಂಬಳದಲ್ಲಿ ಇ.ಎಸ್.ಐ. ಹಿಡಿಯೋದಿಲ್ಲವೇ?” ಎಂದು ಕೇಳಿದಳು. ಮನೆಗೆ ಬಂದು ಸಂಬಳದ ಚೀಟಿಯನ್ನು ಹುಡುಕಿ ನೋಡಿದೆವು. ಹಿಡಿಯುತ್ತಿದ್ದರು, ಹನ್ನೊಂದು ವರ್ಷಗಳಿಂದ ತಿಂಗಳು ತಿಂಗಳೂ ಹಿಡಿಯುತ್ತಿದ್ದರು. ಇ.ಎಸ್.ಐ. ಎಂದರೆ ಕಾರ್ಖಾನೆಯ ಕೂಲಿಗಳಿಗೆ ಕೆಮ್ಮು ನೆಗಡಿಗೆ ಗುಳಿಗೆ ಕೊಡುವ ಔಷಧಾಲಯವೆಂದು, ನಾಲ್ಕಕ್ಷರ ಕಲಿತ ನಾವು ಭಾವಿಸಿದ್ದೆವು. ಅಕ್ಷರದ ಹಮ್ಮಿನಿಂದ ನಮಗೆ ಕಾಣದಿದ್ದುದು ಆ ತಾಯಿಗೆ ಕಂಡಿತು.

1948ರ ಕಾನೂನಿನಿಂದ ಹುಟ್ಟಿದ ನೌಕರರ ರಾಜ್ಯ ವಿಮಾ ವ್ಯವಸ್ಥೆಯಲ್ಲಿ, ವಿಮೆಗೊಳಗಾದ ನೌಕರನಿಗೂ ಅವನನ್ನು ನಂಬಿದ ಕುಟುಂಬಕ್ಕೂ ಚಿಕಿತ್ಸೆ ದೊರೆಯುತ್ತದೆ. ಅದರಲ್ಲಿ ಸೇರತಕ್ಕವರ ವೇತನದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ಇ.ಎಸ್.ಐ. ಆಸ್ಪತ್ರೆಯಲ್ಲಿಲ್ಲದ ವಿಶೇಷ ಚಿಕಿತ್ಸೆಗೆ, ಒಪ್ಪಂದವಿರುವ ಬೇರೆ ಆಸ್ಪತ್ರೆಗೆ ಕಳುಹಿಸಿಕೊಡುತ್ತಾರೆ. ಇಷ್ಟೇ ಅಲ್ಲ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವೇತನದ ನೂರಕ್ಕೆ 70 ಭಾಗವನ್ನು ವರ್ಷದಲ್ಲಿ 91 ದಿನಗಳವರೆಗೂ, ಕ್ಯಾನ್ಸರ್, ಕ್ಷಯ ಮೊದಲಾದ ಗೊತ್ತುಪಡಿಸಿದ ದೀರ್ಘವ್ಯಾಧಿಗಳಲ್ಲಿ ನಿಬಂಧನೆಗಳಿಗೆ ಒಳಪಟ್ಟು ನೂರಕ್ಕೆ 80 ಭಾಗವನ್ನು ಎರಡು ವರ್ಷಗಳವರೆಗೂ ಕೊಡುವ ಏರ್ಪಾಡುಂಟು. ಅಂದಿನಿಂದ ಮುಂದಕ್ಕೆ ಅಣ್ಣನವರ ಚಿಕಿತ್ಸೆ ಆ ವ್ಯವಸ್ಥೆಯಲ್ಲಿಯೇ ನಡೆಯಿತು. ಆದರೆ ಅದಕ್ಕೆ ಹಿಂದೆ ನಾವೇ ಕಟ್ಟಿದ ಹಣ ಹಿಂದಿರುಗಲಿಲ್ಲ. ಮೊದಲೇ ಬಂದು ಶಿಫಾರಸು ಪತ್ರ ಪಡೆದಿರಬೇಕಾಗಿತ್ತೆಂದು ಹೇಳಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಮುಚ್ಚಿದವರ ಗತಿ ನಮ್ಮದಾಯಿತು.

ಈ ಭಾಷಣದ ಸಾರವೆಲ್ಲ ಇಷ್ಟೇ. ಹಣದ ಸಹಾಯವನ್ನು ಹುಡುಕುವುದು ಶುಶ್ರೂಷೆ ಮುಗಿದ ಮೇಲೆ ಮಾಡತಕ್ಕ ಕೆಲಸವಲ್ಲ. ಅದೂ ಶುಶ್ರೂಷೆಯ ಒಂದು ಅಂಗ. ಹೊತ್ತಿಗೆ ಔಷಧ ಕೊಡುವಷ್ಟೇ ಅದು ಅಗತ್ಯ. ಔಷಧದಂತೆಯೇ ಅದಕ್ಕೂ ಹೊತ್ತುಂಟು. ನೆರವಿನ ಬಾಗಿಲುಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಮುಂಚೆ ತೆರೆದಿರುತ್ತವೆ. ಹಣ ಕಟ್ಟಿದ ಮೇಲೆ ಮುಚ್ಚಿಹೋಗುತ್ತವೆ. ಆದಕಾರಣ ಮನೆಯಲ್ಲಿ ಒಬ್ಬರು ರೋಗಿಯ ಬಳಿ ಕುಳಿತರೆ, ಇನ್ನೊಬ್ಬರು ಮೊದಲ ದಿನದಿಂದಲೇ ಈ ಕೆಲಸಕ್ಕೆ ನಿಲ್ಲಬೇಕು.

ಹಾಗಾದರೆ ಎಲ್ಲಿ ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು? ನಮಗೆ ತೋರಿದ ಕ್ರಮವನ್ನು ಹೇಳುತ್ತೇವೆ.

ಮೊದಲು, ಈಗಾಗಲೇ ನಮ್ಮದಾಗಿರುವುದನ್ನು ನೋಡಿಕೊಳ್ಳಬೇಕು. ರೋಗಿಯ ಸಂಬಳದ ಚೀಟಿಯನ್ನು ಮಾತ್ರವೇ ಅಲ್ಲ, ಮನೆಯಲ್ಲಿ ದುಡಿಯುವ ಪ್ರತಿಯೊಬ್ಬರ ಸಂಬಳದ ಚೀಟಿಯನ್ನೂ ಓದಬೇಕು. ಮಗನ ಅಥವಾ ಮಗಳ ಕಚೇರಿಯವರು ಮಾಡಿಸಿದ ಸಾಮೂಹಿಕ ವಿಮೆಯಲ್ಲಿ ತಂದೆತಾಯಿಗಳ ಹೆಸರೂ ಸೇರಿರುವುದುಂಟು. ಭವಿಷ್ಯನಿಧಿಗೆ ಹಣ ಕಟ್ಟುತ್ತಿದ್ದರೆ, ತನ್ನ ಅಥವಾ ಕುಟುಂಬದವರ ಕಾಯಿಲೆಗಾಗಿ ಅದರಲ್ಲಿ ಒಂದು ಭಾಗವನ್ನು ನಡುವೆಯೇ ತೆಗೆಯಲು ಅವಕಾಶವಿದೆ. ಇದು ಸಾಲವಲ್ಲ; ನಮ್ಮ ಹಣವೇ ನಮಗೆ ಬರುವುದು. ವಿಮಾ ಕಂಪೆನಿಯವರು ಹಕ್ಕುಸಾಧನೆಯನ್ನು ತಳ್ಳಿಹಾಕಿದರೆ ಕೈಚೆಲ್ಲಿ ಕೂರಬಾರದು. ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕಂಪೆನಿಗೇ ದೂರು ಕೊಟ್ಟು, ಒಂದು ತಿಂಗಳಲ್ಲಿ ಸಮಾಧಾನವಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ಬರೆದುಕೊಳ್ಳಬಹುದು. ಅವರ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ವರ್ಷದ ಗಡುವನ್ನು ಮೀರಬಾರದು.

ಎರಡನೆಯದು, ಸರ್ಕಾರವು ಪ್ರಜೆಗಳಿಗಾಗಿ ಮಾಡಿರುವ ಏರ್ಪಾಡು. ನಮ್ಮ ರಾಜ್ಯದಲ್ಲಿ 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಆರಂಭವಾಯಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸೇರಿ ಒಂದಾಯಿತು. ಬಡತನದ ರೇಖೆಗಿಂತ ಕೆಳಗಿನ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ಈ ಯೋಜನೆ ವಹಿಸುತ್ತದೆ. ರೇಖೆಗಿಂತ ಮೇಲಿನವರಿಗೆ ಏನೂ ಇಲ್ಲವೆಂದು ನಗರವಾಸಿಗಳಾದ ಅನೇಕರು ತಿಳಿದಿದ್ದಾರೆ, ಅದು ತಪ್ಪು. ಅವರಿಗೂ ಗೊತ್ತುಮಾಡಿದ ಚಿಕಿತ್ಸಾದರದಲ್ಲಿ ನೂರಕ್ಕೆ 30 ಭಾಗವನ್ನು, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯೊಳಗೆ, ಕೊಡುವಂತೆ ಯೋಜನೆಯನ್ನು ಏರ್ಪಡಿಸಿದ್ದಾರೆ. ಆದರೆ ಇದಕ್ಕೊಂದು ನಡೆಯುಂಟು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ದೊರೆಯದಿದ್ದರೆ ಅಲ್ಲಿಂದ ಶಿಫಾರಸು ಪತ್ರ ಪಡೆದು, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪ್ರಾಣಕ್ಕೆ ಕುತ್ತಾದ ತುರ್ತು ಸಂದರ್ಭಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಕೊಟ್ಟಿದ್ದಾರೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ದಾರಿ ತೋರಿಸುವುದಕ್ಕೆಂದೇ ಆರೋಗ್ಯಮಿತ್ರರೆಂಬ ಸಿಬ್ಬಂದಿಯವರನ್ನು ನೇಮಿಸಿದ್ದಾರೆ. ಹಣ ಕಟ್ಟುವ ಕಿಟಕಿಗೆ ಹೋಗುವ ಮುನ್ನ ಇವರ ಮೇಜಿಗೆ ಹೋಗುವುದು ವಿವೇಕ.

ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಎಂಬ ಬೇರೊಂದು ಯೋಜನೆಯುಂಟು. 2003ರಲ್ಲಿ ಕಾರ್ಯಕ್ಕೆ ಬಂದ ಅದು 2018ರಲ್ಲಿ ನಿಂತುಹೋಗಿ, 2023ರಲ್ಲಿ ಮತ್ತೆ ನಡೆಯತೊಡಗಿತು. ಇದಕ್ಕೆ ವಂತಿಗೆ ಕಟ್ಟಿ ಮೊದಲೇ ಹೆಸರು ನೋಂದಾಯಿಸಿರಬೇಕು. ಕಾಯಿಲೆ ಬಂದ ಮೇಲೆ ನೆನೆದರೆ ಪ್ರಯೋಜನವಿಲ್ಲ. ಮೂತ್ರಪಿಂಡಗಳು ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಬೇಕಾದ ಬಡರೋಗಿಗಳಿಗೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಮಾಡುವ ರಾಷ್ಟ್ರೀಯ ಕಾರ್ಯಕ್ರಮವು 2016ರಲ್ಲಿ ಆರಂಭವಾಯಿತು. ಕ್ಷಯರೋಗಿಗಳಿಗೆ ಔಷಧವಲ್ಲದೆ ಪುಷ್ಟಿಯಾದ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುವ ಪದ್ಧತಿ 2018ರಲ್ಲಿ ಬಂದಿತು. 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದ್ದಾರೆ.

ಮೂರನೆಯದು, ಸಣ್ಣ ಖರ್ಚುಗಳು. ಶಸ್ತ್ರಚಿಕಿತ್ಸೆಯ ದೊಡ್ಡ ಮೊತ್ತವೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಮನೆಯನ್ನು ಕೊರೆಯುವುದು ಮಾತ್ರ ದಿನದಿನದ ಖರ್ಚು. ಔಷಧ, ಆಟೋ, ಬಸ್ಸು, ರೋಗಿಯೊಡನೆ ಬಂದವರ ಊಟ, ಉಳಿದುಕೊಳ್ಳುವ ಕೊಠಡಿಯ ಬಾಡಿಗೆ, ಇವೆಲ್ಲ ಯಾವ ಯೋಜನೆಯ ಪಟ್ಟಿಯಲ್ಲೂ ಸುಲಭವಾಗಿ ಸೇರುವುದಿಲ್ಲ. ಔಷಧದ ವಿಷಯದಲ್ಲಿ, ಇದೇ ದ್ರವ್ಯ ಕಡಿಮೆ ಬೆಲೆಯ ಹೆಸರಿನಲ್ಲಿ ದೊರೆಯುವುದೇ ಎಂದು ವೈದ್ಯರನ್ನು ಕೇಳಲು ನಾಚಿಕೆಪಡಬೇಕಾಗಿಲ್ಲ. 2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳಲ್ಲಿ ಅನೇಕ ಔಷಧಗಳು ಪೇಟೆಯ ಬೆಲೆಯ ಅರ್ಧಕ್ಕಿಂತಲೂ ಕಡಿಮೆಗೆ ಸಿಗುತ್ತವೆ. ಚಿಕಿತ್ಸೆಗಾಗಿ ಪ್ರಯಾಣಮಾಡುವ ಕ್ಯಾನ್ಸರ್ ರೋಗಿಗೂ ಜೊತೆಯಲ್ಲಿ ಹೋಗುವ ಒಬ್ಬರಿಗೂ, ಆಸ್ಪತ್ರೆಯ ಪ್ರಮಾಣಪತ್ರವಿದ್ದರೆ ರೈಲಿನಲ್ಲಿ ರಿಯಾಯಿತಿಯುಂಟು. ದೊಡ್ಡ ಆಸ್ಪತ್ರೆಗಳ ಬಳಿ ರೋಗಿಗಳ ಕಡೆಯವರಿಗಾಗಿ ಧರ್ಮಶಾಲೆಗಳಿರುತ್ತವೆ. ಇವನ್ನೆಲ್ಲ ಬಲ್ಲವರು ಆಸ್ಪತ್ರೆಯ ಸಮಾಜ ಕಾರ್ಯಕರ್ತರು. ಆಸ್ಪತ್ರೆಗೆ ಹೋದವರು ಈ ಹುದ್ದೆಯವರು ಕುಳಿತುಕೊಳ್ಳುವ ಕೊಠಡಿ ಎಲ್ಲಿದೆಯೆಂದು ವಿಚಾರಿಸತಕ್ಕದ್ದು. ನಾವು ಆ ಕೊಠಡಿಯ ಮುಂದೆ ಎಷ್ಟೋ ಸಲ ನಡೆದುಹೋಗಿದ್ದೆವು. ಬಾಗಿಲ ಮೇಲಿನ ಹಲಗೆಯನ್ನು ಓದಿರಲಿಲ್ಲ.

ನಾಲ್ಕನೆಯದು, ಪರಿಹಾರನಿಧಿಗಳು. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರನಿಧಿ 1948ರ ಜನವರಿಯಲ್ಲಿ ಸ್ಥಾಪಿತವಾಯಿತು. ದೇಶ ವಿಭಾಗವಾದಾಗ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರ ನೆರವಿಗೆಂದು ಅದು ಹುಟ್ಟಿತು. ಕಾಲಕ್ರಮದಲ್ಲಿ ಹೃದಯದ ಶಸ್ತ್ರಚಿಕಿತ್ಸೆ, ಮೂತ್ರಪಿಂಡದ ಕಸಿ, ಕ್ಯಾನ್ಸರ್ ಮೊದಲಾದ ಭಾರಿ ಖರ್ಚಿನ ಚಿಕಿತ್ಸೆಗಳಿಗೂ ಅದರಿಂದ ಭಾಗಶಃ ಸಹಾಯ ದೊರೆಯುವಂತಾಯಿತು. ರಾಜ್ಯದಲ್ಲಿ ಮುಖ್ಯಮಂತ್ರಿಗಳ ಪರಿಹಾರನಿಧಿಯೂ ಇದೆ. ಇವಕ್ಕೆ ಅರ್ಜಿ ಸಲ್ಲಿಸುವವರು ಆಸ್ಪತ್ರೆಯಿಂದ ಖರ್ಚಿನ ಅಂದಾಜುಪಟ್ಟಿಯನ್ನು ಪಡೆದು ಜೊತೆಗೆ ಲಗತ್ತಿಸಬೇಕು. ನಿಧಿಯಿಂದ ಚಿಕಿತ್ಸೆಯ ಪೂರ್ತಿ ಖರ್ಚು ಬಂದೀತೆಂದು ನಂಬಿ ಕುಳಿತುಕೊಳ್ಳಬಾರದು. ಬರುವುದಿಲ್ಲವೆಂದು ಅರ್ಜಿಯನ್ನೇ ಹಾಕದಿರಲೂಬಾರದು.

ಈ ಎಲ್ಲ ಕಡೆಗಳಲ್ಲಿಯೂ ಕೇಳುವ ಕಾಗದಪತ್ರಗಳು ಹೆಚ್ಚುಕಡಿಮೆ ಒಂದೇ: ಆಧಾರ್ ಚೀಟಿ, ಪಡಿತರ ಚೀಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೋಗನಿರ್ಣಯದ ವರದಿ, ಅಂದಾಜುಪಟ್ಟಿ, ಬ್ಯಾಂಕಿನ ಪುಸ್ತಕ. ಇವುಗಳ ಪ್ರತಿಗಳನ್ನು ಐದೈದು ಮಾಡಿಸಿ ಒಂದೇ ಚೀಲದಲ್ಲಿ ಇಟ್ಟುಕೊಳ್ಳುವುದೊಳ್ಳೆಯದು. ಮೂಲಪತ್ರವನ್ನು ಯಾರ ಕೈಯಲ್ಲಿಯೂ ಬಿಟ್ಟುಬರಬಾರದು. ಯಾವ ದಿನ ಯಾವ ಕಚೇರಿಯಲ್ಲಿ ಯಾರನ್ನು ಕಂಡೆವು, ಏನು ಹೇಳಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ದುಃಖದಲ್ಲಿರುವವರ ಜ್ಞಾಪಕಶಕ್ತಿಯನ್ನು ನಂಬುವಂತಿಲ್ಲ.

ಕೊನೆಯದಾಗಿ ಬಂಧುಮಿತ್ರರು, ಅದಕ್ಕೂ ಕೊನೆಗೆ ಸಾಲ. ನಾವು ಮಾಡಿದ್ದು ಇದಕ್ಕೆ ತಲೆಕೆಳಗು: ಮೊದಲು ಒಡವೆ, ಆಮೇಲೆ ಸಾಲ, ಆಮೇಲೆ ನೆಂಟರು, ಎಲ್ಲಕ್ಕೂ ಕೊನೆಗೆ ನಮ್ಮ ಹಕ್ಕು. ಬಂಧುಗಳನ್ನು ಕೇಳುವಾಗ “ಏನಾದರೂ ಸಹಾಯ ಮಾಡಿ” ಎಂದು ಕೇಳಿದರೆ ಅವರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. “ಈ ತಿಂಗಳ ಔಷಧದ ಖರ್ಚು ನಿಮ್ಮದಾಗಲಿ,” “ಮಂಗಳವಾರ ಆಸ್ಪತ್ರೆಗೆ ನೀವು ಬನ್ನಿ, ಅಂದು ನಾವು ಕೆಲಸಕ್ಕೆ ಹೋಗುತ್ತೇವೆ” ಎಂದು ಸ್ಪಷ್ಟವಾಗಿ ಕೇಳಿದರೆ, ಕೊಡುವವರಿಗೂ ಹಗುರ, ಪಡೆಯುವವರಿಗೂ ಮರ್ಯಾದೆ. ಶುಶ್ರೂಷೆ ಮಾಡುವವರು ಕೆಲಸವನ್ನು ಕಳೆದುಕೊಳ್ಳದಂತೆ ಒಂದು ದಿನದ ಸರದಿಯನ್ನು ವಹಿಸುವುದೂ ಹಣದ ಸಹಾಯವೇ ಎಂಬುದನ್ನು ಮರೆಯಬಾರದು.

ಕೇಳುವುದು ಮಾನಹಾನಿಯಲ್ಲವೇ ಎಂದು ಕೆಲವರು ಹೇಳಬಹುದು. ಅವರಿಗೆ ಮೈಸೂರಿನ ಒಂದು ಸಂಗತಿಯನ್ನು ನೆನಪುಮಾಡಿಕೊಡುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗಕ್ಕೆ ತುತ್ತಾದರು. ಅರಮನೆಯಲ್ಲಿ ಐಶ್ವರ್ಯಕ್ಕೆ ಕೊರತೆಯಿರಲಿಲ್ಲ. ಆದರೂ ಆ ರೋಗಕ್ಕೆ ಅಂದು ಮದ್ದಿರಲಿಲ್ಲ. ಅವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ಏರ್ಪಟ್ಟಿತು. ಒಂದು ಮನೆತನದ ದುಃಖವು ಊರಿನ ಆಸ್ತಿಯಾಯಿತು. ಸಾರ್ವಜನಿಕ ನೆರವೆಂಬುದರ ಮೂಲವೇ ಇದು. ಅದು ಉಳ್ಳವರು ಇಲ್ಲದವರಿಗೆ ಎಸೆಯುವ ಭಿಕ್ಷೆಯಲ್ಲ. ತಮಗೆ ಬಂದದ್ದು ಯಾರಿಗಾದರೂ ಬಂದೀತೆಂದು ಅರಿತವರು ಕೂಡಿಟ್ಟ ಬುತ್ತಿ. ಆರೋಗ್ಯದಿಂದಿದ್ದಾಗ ತೆರಿಗೆಯಾಗಿಯೋ ವಂತಿಗೆಯಾಗಿಯೋ ನಾವು ಅದಕ್ಕೆ ಹಾಕಿದ ಹಿಡಿಯಕ್ಕಿಯೂ ಅದರಲ್ಲಿ ಸೇರಿದೆ.

ಇನ್ನೊಂದು ಮಾತನ್ನು ಹೇಳಲು ನಾಲಿಗೆ ತಡೆಯುತ್ತದೆ, ಆದರೂ ಹೇಳದಿರಲಾಗದು. ರೋಗವು ವಾಸಿಯಾಗುವ ಹಂತವನ್ನು ಮೀರಿದ ಮೇಲೆ, ಏನೂ ಮಾಡದೆ ಬಿಟ್ಟರೆಂಬ ಅಪವಾದಕ್ಕೆ ಹೆದರಿ, ಉಳಿದ ಮನೆಯನ್ನೂ ಮಾರಿ ಖರ್ಚುಮಾಡುವವರುಂಟು. ಇನ್ನು ಮುಂದಿನ ಚಿಕಿತ್ಸೆಯಿಂದ ರೋಗಿಗೆ ಆಗುವ ಲಾಭವೇನೆಂದು ವೈದ್ಯರನ್ನು ನೇರವಾಗಿ ಕೇಳುವುದು ಪ್ರೀತಿಯ ಕೊರತೆಯಲ್ಲ. ಆ ಹಂತದಲ್ಲಿ ಬೇಕಾದದ್ದು ನೋವಿನ ಶಮನ. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಹಾಸ್ಪೈಸ್ ಟ್ರಸ್ಟಿನ ಕರುಣಾಶ್ರಯದಂಥ ಸಂಸ್ಥೆಗಳು, ವಾಸಿಯಾಗದ ಹಂತವನ್ನು ಮುಟ್ಟಿದ ಕ್ಯಾನ್ಸರ್ ರೋಗಿಗಳಿಗೆ ಹಣವನ್ನೇ ತೆಗೆದುಕೊಳ್ಳದೆ ಇಂಥ ಆರೈಕೆಯನ್ನು ಮಾಡುತ್ತಿವೆ.

ನಮ್ಮ ಅಣ್ಣನವರು 2021ರ ಮಾಘಮಾಸದಲ್ಲಿ ತೀರಿಕೊಂಡರು. ನಾವು ಮೊದಲೇ ಎಚ್ಚರವಾಗಿದ್ದರೆ ಅವರು ಉಳಿಯುತ್ತಿದ್ದರೇ ಎಂಬ ಪ್ರಶ್ನೆಗೆ ವೈದ್ಯರು ಉತ್ತರ ಹೇಳಲಿಲ್ಲ, ನಾವೂ ಮತ್ತೆ ಕೇಳಲಿಲ್ಲ. ಆದರೆ ಕನ್ನಡಕದ ಪೆಟ್ಟಿಗೆ ಸಿಕ್ಕಿದ ದಿನ ಸಂಜೆ ಅತ್ತಿಗೆಯವರೂ ನಾವೂ ಅಣ್ಣನವರ ಹಾಸಿಗೆಯ ಬಳಿ ಕುಳಿತು, ಖರ್ಚಿನ ಪುಸ್ತಕವನ್ನು ಅವರ ಮುಂದೆಯೇ ತೆರೆದೆವು. ಅವರು ಎರಡು ಪುಟ ನೋಡಿ, ಒಂದು ಕಡೆ ಕೂಡಿಸುವುದು ತಪ್ಪಿದೆಯೆಂದು ತಿದ್ದಿದರು. ಮುಂದೆ ಇ.ಎಸ್.ಐ. ನೆರವು ದೊರೆತಾಗ ಅದನ್ನೂ ಅದೇ ಪುಸ್ತಕದಲ್ಲಿ ತಮ್ಮ ಕೈಯಿಂದಲೇ ಬರೆದರು. ಅಂದಿನ ಸಂಜೆಯಿಂದ ಕೊನೆಯವರೆಗೆ ಅವರು ಒಂದು ಗುಳಿಗೆಯನ್ನೂ ಬಿಡಲಿಲ್ಲ.

ಆದ್ದರಿಂದ ಈ ಮಾತುಗಳನ್ನು ಕೇಳುತ್ತಿರುವ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವ ಈ ದಿನವೇ ನಿಮ್ಮ ಸಂಬಳದ ಚೀಟಿಯನ್ನೂ ವಿಮೆಯ ಪತ್ರವನ್ನೂ ಒಮ್ಮೆ ಓದಿಕೊಳ್ಳಿ. ಮುಂದೆ ರೋಗಿಯಿರುವ ಮನೆಗೆ ಹೋದಾಗ ಕಿತ್ತಳೆಹಣ್ಣುಗಳನ್ನು ಕೊಂಡುಹೋಗುವುದು ಸರಿಯೇ. ಹೊರಡುವ ಮುನ್ನ ಶುಶ್ರೂಷೆ ಮಾಡುವವರನ್ನು ಒಂದು ಕಡೆಗೆ ಕರೆದು, ಆ ನಾಲ್ಕನೆಯ ಪ್ರಶ್ನೆಯನ್ನೂ ಮೆಲ್ಲನೆ ಕೇಳಿ. ನಮ್ಮನ್ನು ಹಾಗೆ ಕೇಳಿದವಳು ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಒಬ್ಬಳೇ. ಆಕೆಯ ಹೆಸರನ್ನು ಕೇಳಲು ನಮಗೆ ಅಂದು ತೋರಲಿಲ್ಲ.